ನುಂಗಿದ ಮಾತುಗಳು

ನನ್ನ ಮಾತಿಗೆ ಎದುರಾಡುವವರು ಈಗ ಶಿಡ್ಲಘಟ್ಟದಲ್ಲಿ ಒಬ್ಬರೂ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಮುನಿರತ್ನಮ್ಮನಿಗೆ ಇಂಥ ಕಾಲ ಬರುತ್ತದೆ ಎಂದು ಹತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆಗ ನಾನು ಫಿಲೇಚರಿನಲ್ಲಿ ರೇಷ್ಮೆಗೂಡು ಬೇಯಿಸುವವಳು. ಈಗ ಸಹಸಂಶೋಧಕಿ. ಆರೋಗ್ಯ ಸಂಶೋಧನಾ ಕೇಂದ್ರದಲ್ಲಿ ನನಗೊಂದು ಕುರ್ಚಿ ಇದೆ, ಕುರ್ಚಿಯ ಬೆನ್ನಿನ ಮೇಲೆ ನನ್ನ ಹೆಸರಿದೆ, ನಾನು ಬಾಯಿ ತೆರೆದರೆ ಡಾಕ್ಟರುಗಳು ಬರೆದುಕೊಳ್ಳುತ್ತಾರೆ. ಇನ್ನೇನು ಬೇಕು ಎಂದು ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಫಿಲೇಚರ್ ಎಂದರೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ. ಅಲ್ಲಿ ನಾವು ಇಬ್ಬಿಬ್ಬರು ಜೋಡಿ. ಒಬ್ಬಳು ಬಿಸಿನೀರಿನಲ್ಲಿ ಗೂಡು ಬೇಯಿಸಿ ಪ್ರತಿ ಗೂಡಿನ ಎಳೆಯ ತುದಿ ಹುಡುಕಿ ಕೊಡಬೇಕು, ಇನ್ನೊಬ್ಬಳು ಎಳೆಗಳನ್ನು ಸೇರಿಸಿ ನೂಲು ಸುತ್ತಿಸಬೇಕು. ಹೆಚ್ಚು ಬೆಂದರೆ ಎಳೆ ಹರಿಯುತ್ತದೆ. ಕಡಿಮೆ ಬೆಂದರೆ ಬಿಚ್ಚಿಕೊಳ್ಳುವುದೇ ಇಲ್ಲ. ಹಾಗಾಗಿ ಇವಳ ತಪ್ಪನ್ನು ಅವಳು, ಅವಳ ತಪ್ಪನ್ನು ಇವಳು ಬೆಳಗಿನಿಂದ ಸಂಜೆವರೆಗೆ ಎತ್ತಿ ಆಡುತ್ತಲೇ ಇರಬೇಕು, ಅದೂ ಯಂತ್ರಗಳ ಸದ್ದು ಮೀರಿಸಿ ಗಂಟಲು ಹರಿದುಕೊಂಡು. ಹೊರಗಿನವರು ಬಂದರೆ ಈ ಹೆಂಗಸರು ಜುಟ್ಟು ಹಿಡಿಯುವುದೊಂದು ಬಾಕಿ ಎಂದುಕೊಳ್ಳಬೇಕು. ನನ್ನ ಜೋಡಿ ಶಮೀಮ್. ನನಗಿಂತ ಆರು ವರ್ಷ ಚಿಕ್ಕವಳು, ಬಾಯಿ ಮಾತ್ರ ನನಗಿಂತ ಒಂದು ಕೈ ಮೇಲು. ಹತ್ತೊಂಬತ್ತು ವರ್ಷ ಪಕ್ಕಪಕ್ಕ ನಿಂತೆವು. ನಿದ್ದೆಗಣ್ಣಲ್ಲಿ ಬೇಯಿಸುತ್ತೀಯಾ, ಕಣ್ಣೇನು ಮನೆಯಲ್ಲಿಟ್ಟು ಬಂದಿದ್ದೀಯಾ ಎಂದು ಅವಳು ನನ್ನನ್ನು ಬೈಯದ ದಿನವಿಲ್ಲ. ಮಧ್ಯಾಹ್ನ ನನ್ನ ಮುದ್ದೆಯಲ್ಲಿ ಅರ್ಧ ಅವಳಿಗೆ, ಅವಳ ಸಾರಿನಲ್ಲಿ ಅರ್ಧ ನನಗೆ. ಉಣ್ಣುವಾಗಲೂ ಉಪ್ಪು ಜಾಸ್ತಿ, ಖಾರ ಕಮ್ಮಿ ಎಂಬ ಜಗಳ.

ಆ ಕೆಲಸದಲ್ಲಿ ಉಬ್ಬಸ ಎಂಬುದು ಕೂಲಿಯ ಜೊತೆಗೆ ಬರುವ ಸಾಮಾನು. ನಲವತ್ತು ದಾಟುವ ಹೊತ್ತಿಗೆ ಹತ್ತರಲ್ಲಿ ನಾಲ್ವರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅದನ್ನು ಅಧ್ಯಯನ ಮಾಡಲು ಬಂದವರು ಡಾಕ್ಟರ್ ಮೃಣಾಲಿನಿ ದೇಸಾಯಿ. ಧಾರವಾಡದ ಕಡೆಯವರು. ಬಂದ ಮೊದಲ ದಿನವೇ ಗೂಡು ಬೇಯಿಸುವ ಬೇಸಿನ್ನಿನ ನೀರಿಗೆ ಥರ್ಮಾಮೀಟರ್ ಅದ್ದಿ, ಇಷ್ಟು ಬಿಸಿ ಬೇಕಾಗಿಲ್ಲ ಎಂದುಬಿಟ್ಟರು. ನನಗೆ ಕೋಪ ಮೂಗಿನ ತುದಿಯಲ್ಲಿ. ನಿಮ್ಮ ಮನೆ ಅನ್ನ ನಾನು ಬೇಯಿಸಲು ಬರುತ್ತೀನಾ, ನಮ್ಮ ಗೂಡು ನೀವ್ಯಾಕೆ ಬೇಯಿಸುತ್ತೀರಿ ಎಂದು ಎಲ್ಲರೆದುರೇ ಕೇಳಿದೆ. ಆಯಮ್ಮ ಸುಮ್ಮನಾಗಲಿಲ್ಲ. ಮರುದಿನ ಎರಡು ಪಾತ್ರೆ ತಂದು, ಎರಡು ಬಿಸಿಯಲ್ಲಿ ಬೇಯಿಸಿ, ಎಳೆ ಎಳೆಯಾಗಿ ತೋರಿಸಿ ನನ್ನನ್ನು ಸೋಲಿಸಿದರು. ಅದರ ಮುಂದಿನ ವಾರ ಗೂಡಿನ ತಳಿಯ ವಿಷಯದಲ್ಲಿ ನಾನು ಅವರನ್ನು ಸೋಲಿಸಿದೆ. ಹೀಗೆ ಜಗಳವಾಡಿಕೊಂಡೇ ನಾವಿಬ್ಬರೂ ಹತ್ತಿರವಾದೆವು. ಆ ಒಂದೂವರೆ ವರ್ಷ ನನ್ನ ಬಾಳಿನ ಒಳ್ಳೆಯ ಕಾಲ. ಒಂದು ಪಕ್ಕ ಬೈಯುವ ಶಮೀಮ್, ಇನ್ನೊಂದು ಪಕ್ಕ ವಾದಿಸುವ ಡಾಕ್ಟರು.

ಆಮೇಲೆ ಸಮಪಾಲು ಕಾಯ್ದೆ ಬಂತು.

ಕಾಯ್ದೆಯ ಉದ್ದೇಶ ಒಳ್ಳೆಯದೇ. ಬಡವರ ಮೈಮೇಲೆ ಪ್ರಯೋಗ ಮಾಡಿ, ಬಡವರ ಹೆಸರಲ್ಲಿ ಪುಸ್ತಕ ಬರೆದು, ಬಡವರನ್ನು ಒಂದು ಮಾತೂ ಕೇಳದೆ ಎದ್ದು ಹೋಗುವುದು ಸಾಕಷ್ಟು ನಡೆದಿತ್ತು. ಇನ್ನು ಮುಂದೆ ಪ್ರತಿ ಅಧ್ಯಯನದಲ್ಲೂ ಆ ಜನರಲ್ಲೇ ಒಬ್ಬರು ಸಹಸಂಶೋಧಕರಾಗಬೇಕು, ತೀರ್ಮಾನದಲ್ಲಿ ಅವರಿಗೆ ಸರಿಪಾಲು ಇರಬೇಕು ಎಂದಾಯಿತು. ನಮ್ಮ ಅಧ್ಯಯನದಲ್ಲಿ ಆ ಕುರ್ಚಿ ನನಗೆ ಬಂತು. ಸರಿಪಾಲು ಇದೆಯೋ ಇಲ್ಲವೋ ಎಂದು ಬಾಯಿಮಾತಿನಲ್ಲಿ ನಂಬುವವರು ಯಾರು? ಅದಕ್ಕೊಂದು ಮಾಪಕ ಬಂತು. ಕುತ್ತಿಗೆಗೆ ಕಟ್ಟಿಕೊಳ್ಳುವ ಕಡಲೆಕಾಳಿನಷ್ಟು ದೊಡ್ಡ ಬಿಲ್ಲೆ. ನಾವು ಮಣಿ ಎನ್ನುತ್ತಿದ್ದೆವು. ಸಭೆಯಲ್ಲಿ ಕೂತವರೆಲ್ಲ ಅದನ್ನು ಕಟ್ಟಿಕೊಳ್ಳಲೇಬೇಕು. ಯಾರು ಮೊದಲು ಮಾತಾಡಿದರು, ನಡುವೆ ಬಾಯಿ ಹಾಕಿದಾಗ ಯಾರು ಸುಮ್ಮನಾದರು, ಕೊನೆಯಲ್ಲಿ ಯಾರ ಮಾತು ನಿಂತಿತು, ಎಲ್ಲವನ್ನೂ ಅದು ಗಂಟಲಿನ ನಡುಕದಿಂದ, ಉಸಿರಿನ ಏರಿಳಿತದಿಂದ ಹಿಡಿಯುತ್ತದೆ. ಮನುಷ್ಯ ಸೋಲೊಪ್ಪುವಾಗ ದನಿಯ ಬಾಲ ಕೆಳಗಿಳಿಯುತ್ತದಂತೆ. ಗಂಡ ಹೆಂಡಿರ, ಸಾಹೇಬರು ಜವಾನರ, ಅತ್ತೆ ಸೊಸೆಯರ ಲಕ್ಷಾಂತರ ಮಾತುಕತೆ ಕೇಳಿಸಿ ಅದನ್ನು ಪಳಗಿಸಿದ್ದರಂತೆ. ಸಭೆ ಮುಗಿದ ಮೇಲೆ ಗೋಡೆಯ ಪರದೆಯಲ್ಲಿ ಎರಡು ಅಂಕಿ ಮೂಡುತ್ತವೆ. ಒಂದು ಡಾಕ್ಟರರ ಪಾಲು, ಒಂದು ನನ್ನ ಪಾಲು, ಎರಡೂ ಸೇರಿ ನೂರು. ತಿಂಗಳ ಸರಾಸರಿಯಲ್ಲಿ ಡಾಕ್ಟರರ ಪಾಲು ಐವತ್ತೈದು ದಾಟಿದರೆ ಅಧ್ಯಯನ ಅಲ್ಲಿಗೇ ನಿಲ್ಲುತ್ತದೆ. ದಿಲ್ಲಿಯಿಂದ ತನಿಖೆ ಬಂದು ಹೋಗುವವರೆಗೆ ಔಷಧವೂ ಇಲ್ಲ, ತಪಾಸಣೆಯೂ ಇಲ್ಲ.

ಇದರಲ್ಲೊಂದು ಸೂಕ್ಷ್ಮವಿತ್ತು. ಓದಿದವರ ಬಾಯಿಂದ ಬರುವ 'ಬೇಡ' ಓದದವರ 'ಬೇಡ'ಕ್ಕಿಂತ ಭಾರ ಎಂದು ಕಾಯ್ದೆ ಬರೆದವರು ಯೋಚಿಸಿದ್ದರು. ಸರಿಯೇ. ಹಾಗಾಗಿ ಡಾಕ್ಟರು ಒಮ್ಮೆ ಬೇಡ ಎಂದರೆ ಯಂತ್ರ ಅದನ್ನು ಮೂರು ಸಲ ಎಂದು ಲೆಕ್ಕ ಹಿಡಿಯುತ್ತಿತ್ತು. ಒಂದು ಬೇಡಕ್ಕೆ ಮೂರು ಹೂಂ ಕೊಟ್ಟು ತೂಗಿಸಬೇಕು. ಡಾಕ್ಟರ್ ಮೃಣಾಲಿನಿ ತಮ್ಮ ಬೇಡಗಳನ್ನು ಒಂದೊಂದಾಗಿ ಕೂಡಿಡತೊಡಗಿದರು. ಸಣ್ಣಪುಟ್ಟದಕ್ಕೆಲ್ಲ ಹೂಂ. ಸಭೆ ಎಷ್ಟು ಗಂಟೆಗೆ ಎಂಬುದರಿಂದ ಪ್ರಶ್ನೆಪತ್ರಿಕೆಯ ಬಣ್ಣದವರೆಗೆ ನಾನು ಹೇಳಿದ್ದೇ ಆಯಿತು. ಮೊದಮೊದಲು ನನಗೆ ಹಿಗ್ಗೋ ಹಿಗ್ಗು. ನಾನೇನು ಕೇಳಿದರೂ "ನಿಮಗೇನ ಅನ್ನಸ್ತದರೀ?" ಎಂದು ನನಗೇ ತಿರುಗಿ ಕೇಳುತ್ತಿದ್ದರು. ಆರು ತಿಂಗಳು ಕಳೆಯುವುದರಲ್ಲಿ ಆ ಪ್ರಶ್ನೆ ಕೇಳಿದರೆ ಮೈ ಉರಿಯತೊಡಗಿತು. ನನಗೆ ಅನ್ನಿಸುವುದು ನನಗೆ ಗೊತ್ತಿರುತ್ತದಲ್ಲ. ಅವರಿಗೇನು ಅನ್ನಿಸುತ್ತದೆ ಎಂದು ತಿಳಿಯಲು ತಾನೇ ಕೇಳುವುದು?

ಹುಳದ ಕೊಠಡಿಯ ಮಾತು ಬಂದದ್ದು ಹೋದ ವರ್ಷ.

ನೂಲು ತೆಗೆದ ಮೇಲೆ ಗೂಡಿನೊಳಗೆ ಸತ್ತ ಹುಳ ಉಳಿಯುತ್ತದೆ. ನೂಲು ಮಾಲೀಕನದು, ಹುಳ ಹೆಂಗಸರದು. ನಮ್ಮ ಫಿಲೇಚರಿನಲ್ಲಿ ನಮ್ಮಮ್ಮನ ಕಾಲದಿಂದಲೂ ಹಾಗೇ. ಒಣಗಿಸಿ ಇಟ್ಟರೆ ಮೀನಿನ ಮೇವು ಮಾಡುವವರು ಬಂದು ಒಯ್ಯುತ್ತಾರೆ, ಅದು ನಮ್ಮ ಕೈಗೇ ಸೇರುವ ಒಂದೇ ಒಂದು ಆದಾಯ. ಮೊದಲು ಅಂಗಳದಲ್ಲಿ ಒಣಗಿಸುತ್ತಿದ್ದೆವು. ಕಾಗೆಗಳ ಕಾಟ, ವಾಸನೆ ಎಂದು ಅಕ್ಕಪಕ್ಕದವರ ತಕರಾರು. ಹಸಿ ಹುಳವನ್ನು ಹಾಗೇ ಸಾಗಿಸಿಬಿಡೋಣ, ಒಣಗಿಸುವುದೇ ಬೇಡ ಎಂದು ಕೇಂದ್ರದ ಕರಡಿನಲ್ಲಿ ಒಂದು ಸಾಲು ಇತ್ತು. ಅದನ್ನು ಓದಿಸಿ ಕೇಳಿದ ನನಗೆ ಕೆಂಡ ತುಳಿದಂತಾಯಿತು. ಹೊರಗಿನಿಂದ ಬಂದವರು ನಮ್ಮ ಹೆಂಗಸರ ಪಾಲಿಗೆ ಕೈ ಹಾಕುತ್ತಿದ್ದಾರೆ ಎಂದುಕೊಂಡೆ. ದಮ್ಮಿಗೆ ಕಾರಣ ಬಾಯ್ಲರಿನ ಹೊಗೆ ಮತ್ತು ಹಬೆ, ಹುಳ ಅಲ್ಲ, ನಾನು ಹುಟ್ಟಿದಾಗಿನಿಂದ ಹುಳದ ಪಕ್ಕದಲ್ಲೇ ಮಲಗಿದವಳು, ನನಗೇನಾಗಿದೆ ಎಂದು ಮೇಜು ಕುಟ್ಟಿ ಹೇಳಿದೆ. ಹಬೆ ಹೀರುವ ಕೊಳವೆ ಹಾಕಿಸಿ, ಹುಳ ಒಣಗಿಸಲು ನಾಲ್ಕು ಗೋಡೆಯ, ಬಾಗಿಲು ಭದ್ರವಾಗಿರುವ ಒಂದು ಕೊಠಡಿ ಕಟ್ಟಿಸಿ ಎಂದೆ. ಕಾಗೆ ಬರಬಾರದು, ವಾಸನೆ ಹೊರಗೆ ಹೋಗಬಾರದು, ನಮ್ಮ ಹಕ್ಕೂ ಉಳಿಯಬೇಕು.

ಡಾಕ್ಟರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕೂತರು. ಕೊನೆಗೆ ಆಯ್ತು ಎಂದರು. ಪಾಲು ಮಿತಿ ದಾಟಿಲ್ಲ ಎಂದು ಪರದೆಯಲ್ಲಿ ಹಸಿರು ದೀಪ ಹತ್ತಿತು.

ಅದೇ ವಾರ ಫಿಲೇಚರಿನ ಹೆಂಗಸರ ಸಭೆ ನಾನೇ ಕರೆದೆ. ನೆಲದ ಮೇಲೆ ಜಮಖಾನ ಹಾಸಿ ಅವರು ಕೂತಿದ್ದರು. ನನಗೆ ಯಾರೋ ಕುರ್ಚಿ ತಂದಿಟ್ಟರು, ನಾನು ಕೂತೆ. ಕೊಠಡಿಯ ನಕ್ಷೆ ತೋರಿಸಿದೆ, ಕಿಟಕಿ ಬೇಡ ಎಂದೆ. ಸರದಿಯ ಮೇಲೆ ಯಾರು ಹುಳ ಕೆದಕಬೇಕು, ಯಾರು ಗುಡಿಸಬೇಕು ಎಂದು ಪಟ್ಟಿ ಓದಿದೆ. ಎಲ್ಲರೂ ತಲೆಯಾಡಿಸಿದರು. ಶಮೀಮಳಿಗೆ ಮೊದಲೇ ಸ್ವಲ್ಪ ಉಬ್ಬಸವಿದ್ದದ್ದರಿಂದ ಬೇಸಿನ್ನಿನ ಹಬೆಯಿಂದ ಬಿಡಿಸಿ ಅವಳನ್ನೇ ಕೊಠಡಿಯ ಕೆಲಸಕ್ಕೆ ಹಾಕಿದೆ. ಅವಳಿಗೆ ಒಳ್ಳೆಯದಾಗಲಿ ಎಂದೇ ಹಾಕಿದ್ದು. ಅವಳು ಸೆರಗಿನ ಅಂಚು ಸುತ್ತುತ್ತಾ, "ನೀವ್ ಹೇಳಿದ್ಮೇಲೆ ಸರೀನೇ ಇರುತ್ತೆ ಬಿಡಿ ಅಕ್ಕ" ಎಂದಳು. ಅವಳು ನನ್ನನ್ನು ಯಾವಾಗಿನಿಂದ ನೀವು ಎನ್ನಲು ಶುರು ಮಾಡಿದಳು ಎಂದು ಯೋಚಿಸಲೂ ನನಗೆ ಪುರಸೊತ್ತಿರಲಿಲ್ಲ.

ಮನೆಗೆ ಹೋದರೆ ನನ್ನದು ಒಂಟಿ ಜೀವ. ಗಂಡ ಹೋಗಿ ಎಷ್ಟೋ ವರ್ಷವಾಯಿತು, ಮಕ್ಕಳಿಲ್ಲ. ಒಬ್ಬಳಿಗೆ ಮುದ್ದೆ ತಿರುವುವುದು ಎಷ್ಟು ಕಷ್ಟವೆಂದು ಒಂಟಿಯಾಗಿರುವವರಿಗೇ ಗೊತ್ತು. ಹಿಟ್ಟು ಅಷ್ಟು ಸ್ವಲ್ಪವಾದರೆ ಕೋಲಿಗೆ ಸಿಗುವುದಿಲ್ಲ, ಗಂಟಾಗುತ್ತದೆ. ಮೊದಲು ಇಬ್ಬರಿಗಾಗುವಷ್ಟು ಮಾಡಿ ಕಟ್ಟಿಕೊಂಡು ಹೋಗುತ್ತಿದ್ದೆ. ಈಗ ಮಧ್ಯಾಹ್ನದ ಊಟ ಕೇಂದ್ರದಲ್ಲಿ, ಡಾಕ್ಟರುಗಳ ಸಾಲಿನಲ್ಲಿ. ಅಲ್ಲಿ ಒಂದು ದಿನ ಸಾರಿಗೆ ಉಪ್ಪೇ ಇರಲಿಲ್ಲ. ಬೇಕೆಂದೇ, ಇವತ್ತು ಸಾರು ಬಹಳ ಚೆನ್ನಾಗಿದೆ ಎಂದೆ. ಸುತ್ತ ಕೂತಿದ್ದ ಐದು ಜನವೂ ಹೌದು ಹೌದು ಎಂದರು. ನನಗೆ ಅಳು ಬಂತು. ಖಾರವೆಂದು ಹೇಳಿ ಕಣ್ಣೊರೆಸಿಕೊಂಡೆ. ಅದಕ್ಕೂ ಹೌದು ಎಂದರು.

ಸಂಜೆ ಬೀದಿಯಲ್ಲಿ ನಡೆದರೆ ಜಗಲಿಯ ಮೇಲೆ ಹರಟುತ್ತಿದ್ದ ಹೆಂಗಸರು ಎದ್ದು ನಿಲ್ಲುತ್ತಿದ್ದರು. ಪಂಪಿನ ಪಟ್ಟಿಯಲ್ಲಿ ಯಾರ ಹೆಸರಿರಬೇಕು ಎಂದು ಪ್ರತಿ ಮೂರು ತಿಂಗಳಿಗೊಮ್ಮೆ ಸಹಿ ಹಾಕುವವಳು ನಾನು. ಪಂಪು ಎಂದರೆ ಅಧ್ಯಯನದ ಕಡೆಯಿಂದ ಕೊಡುವ, ಬಾಯಿಗಿಟ್ಟು ಎಳೆದುಕೊಳ್ಳುವ ಔಷಧ, ಊರಿನ ನಾನೂರು ಮಂದಿ ಅದರ ಮೇಲೇ ಉಸಿರಾಡುತ್ತಿದ್ದರು. ಆ ಸಹಿ ನನಗೆ ಬರೀ ಕೆಲಸ. ಅವರಿಗೆ ಅದೇನು ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಶಮೀಮಳಿಗೆ ಕೆಮ್ಮು ಹತ್ತಿತು. ಚಳಿಗಾಲ, ಹೋಗುತ್ತದೆ ಎಂದೆ. ಜನವರಿಯಲ್ಲಿ ಅವಳು ಮಾತಾಡುವಾಗ ನಡುವೆ ನಿಲ್ಲತೊಡಗಿದಳು. ಪಂಪು ಎರಡು ಸಲದ ಬದಲು ನಾಲ್ಕು ಸಲ ಎಳೆದುಕೋ ಎಂದೆ. ಫೆಬ್ರವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಹುಳದ ಕೊಠಡಿಯಲ್ಲಿ ಪೊರಕೆ ಹಿಡಿದುಕೊಂಡೇ ಕುಸಿದಳು. ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಶ್ವಾಸಕೋಶದಲ್ಲಿ ಕೆಲಸ ಮಾಡುವುದು ನೂರಕ್ಕೆ ನಲವತ್ತು ಭಾಗ ಮಾತ್ರ ಉಳಿದಿದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದರು.

ನಾನು ಆಸ್ಪತ್ರೆಯಿಂದ ನೇರ ಕೇಂದ್ರಕ್ಕೆ ಹೋದೆ. ಹಬೆ ತೆಗೆದ ಮೇಲೂ ಇವಳಿಗೇಕೆ ಹೀಗಾಯಿತು ಎಂದು ಡಾಕ್ಟರನ್ನು ಕೇಳಿದೆ. ಅವರ ಕುತ್ತಿಗೆಯಲ್ಲಿ ಮಣಿ ಇತ್ತು. ನಿಮಗೇನು ಅನ್ನಿಸುತ್ತದೆ ಎಂದರು. ಆ ಕ್ಷಣ ನನ್ನ ತಲೆಯಲ್ಲಿ ಏನೋ ಪಟಕ್ಕೆಂದಿತು. ಸೀದಾ ಮಣಿಗಳ ದಾಖಲೆ ಇಡುವ ಯಂತ್ರದ ಕೋಣೆಗೆ ನಡೆದೆ.

ಯಂತ್ರದ ಕೋಣೆಯ ಉಸ್ತುವಾರಿ ತಿಪ್ಪೇಸ್ವಾಮಿಯವರದು. ನಿವೃತ್ತಿಗೆ ಹತ್ತಿರವಾದ, ಮೆತ್ತಗೆ ಮಾತಾಡುವ ಮನುಷ್ಯ. ಸಹಸಂಶೋಧಕಿಗೆ ಎಲ್ಲ ದಾಖಲೆ ನೋಡುವ ಹಕ್ಕಿದೆ ಎಂದು ಕಾಯ್ದೆಯಲ್ಲೇ ಬರೆದಿತ್ತು, ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಹುಳದ ಕೊಠಡಿಯ ಸಭೆ ತೆಗೆಯಿರಿ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಪರದೆಯ ಮೇಲೆ ನನ್ನ ದನಿ ಕೆಂಪು ಗೆರೆಯಾಗಿ, ಡಾಕ್ಟರರ ದನಿ ನೀಲಿ ಗೆರೆಯಾಗಿ ಹರಿಯಿತು. ನೀಲಿ ಗೆರೆ ಬಹುಪಾಲು ಮಲಗಿತ್ತು, ಅದರ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆಗಳಿದ್ದವು. ಇವೇನು ಎಂದು ಕೇಳಿದೆ.

ಮಾತಾಡುವ ಮುಂಚೆ ಮನುಷ್ಯ ಒಂದು ಚಿಕ್ಕ ಉಸಿರು ಎಳೆದುಕೊಳ್ಳುತ್ತಾನೆ, ಗಂಟಲು ಬಿಗಿಯುತ್ತದೆ, ಅಷ್ಟಾದ ಮೇಲೆ ಮಾತು ಬರಲೇಬೇಕು ಎಂದು ತಿಪ್ಪೇಸ್ವಾಮಿ ವಿವರಿಸಿದರು. ಬರದೆ ಹೋದರೆ ಯಂತ್ರ ಅಲ್ಲೊಂದು ಚುಕ್ಕೆ ಇಡುತ್ತದೆ. "ನುಂಗಿದ ಮಾತು ಮೇಡಂ. ಇದನ್ನ ಯಾರೂ ನೋಡಲ್ಲ, ಪಾಲಿಗೆ ಸೇರಿಸಲ್ಲ" ಎಂದರು.

ಎಣಿಸಿದೆ. ಹನ್ನೊಂದು. ನಾನು ಮೇಜು ಕುಟ್ಟುತ್ತಾ ಹುಳ ಏನೂ ಮಾಡುವುದಿಲ್ಲ ಎಂದಾಗ ಒಂದರ ಪಕ್ಕ ಒಂದು ನಾಲ್ಕು.

ಡಾಕ್ಟರು ಪಡಸಾಲೆಯಲ್ಲಿ ಕಿಟಕಿಯ ಹತ್ತಿರ ನಿಂತಿದ್ದರು. ನಾನು ಹತ್ತಿರ ಹೋಗಿ ನನ್ನ ಮಣಿ ಬಿಚ್ಚಿ ಕಿಟಕಿಯ ಮೇಲಿಟ್ಟೆ. ನನ್ನ ಮುಖ ನೋಡಿ ಅವರೂ ಬಿಚ್ಚಿದರು. ನಿಮಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದಿರಿ, ಆ ಹೆಣ್ಣಿನ ಎದೆ ಹಾಳಾಯಿತು ಎಂದು ನನ್ನ ಬಾಯಿಗೆ ಬಂದಂತೆ ಬೈದೆ. ಅವರು ತಡೆಯಲಿಲ್ಲ. ಮುಗಿದ ಮೇಲೆ ಹೇಳಿದರು. "ಖಾತ್ರಿ ಇರಲಿಲ್ಲರೀ, ಅನುಮಾನ ಇತ್ತು. ಒಣಗಿದ ಹುಳದ ಪುಡಿ ಮುಚ್ಚಿದ ಕೋಣ್ಯಾಗ ಭಾಳ ಕೆಟ್ಟದ್ದು ಅಂತ ಓದಿದ್ದೆ. ಆ ತಿಂಗಳು ನೀವು ಸಣ್ಣ ಮಕ್ಕಳಿಗೂ ಪಂಪು ಕೊಡ್ರಿ ಅಂದಿದ್ರಿ, ನೆನಪದ ಏನು? ಅದಕ್ಕ ಎರಡು ಸಲ ಬ್ಯಾಡ ಅಂದಿದ್ದೆ. ಅಷ್ಟಕ್ಕ ನನ್ನ ಪಾಲು ಐವತ್ನಾಲ್ಕೂವರೆ ಆಗಿತ್ತು. ಇನ್ನೊಂದು ಬ್ಯಾಡ ಅಂದಿದ್ರ ಅವತ್ತ ಸಂಜಿಗೆ ನಾನೂರು ಮಂದಿ ಔಷಧ ಬಂದ್ ಆಗ್ತಿತ್ತು."

ಮಕ್ಕಳ ವಿಷಯದಲ್ಲಿ ಅವರು ಹೇಳಿದ್ದು ಸರಿಯಾಗಿತ್ತು. ಮಕ್ಕಳ ಮೇಲೆ ಪರೀಕ್ಷೆಯಾಗದ ಔಷಧ ಅದು. ನನಗದು ಆಗಲೂ ಗೊತ್ತಿತ್ತು, ಹಟಕ್ಕೆ ಕೇಳಿದ್ದೆ. ಆದರೂ ಸಿಟ್ಟು ಇಳಿಯಲಿಲ್ಲ. ಪಡಸಾಲೆಯಲ್ಲಿ ಹೀಗೆ ಮಣಿ ಬಿಚ್ಚಿಟ್ಟು ಒಂದು ಮಾತು ಹೇಳಬಹುದಿತ್ತಲ್ಲ, ನಾವು ಅಷ್ಟು ದೂರದವರಾದೆವಾ ಎಂದು ಕೇಳಿದೆ. ಅವರ ಕಣ್ಣಲ್ಲಿ ನೀರು ಬಂತು. ಹೇಳದೆ ಹೇಳದೆ ರೂಢಿಯೇ ತಪ್ಪಿಹೋಗಿತ್ತು ಎಂದರು. ಆಮೇಲೆ ಮೂಗೊರೆಸಿಕೊಂಡು, ಹಳೆಯ ಕಾಲದಲ್ಲಿ ನೋಡುತ್ತಿದ್ದಂತೆ ನೇರವಾಗಿ ನನ್ನ ಮುಖ ನೋಡಿದರು.

"ತಪ್ಪು ನಂದದ, ಒಪ್ಪಿದೆ. ಆದ್ರ ಮುನಿರತ್ನಮ್ಮ, ನಾನು ಯಂತ್ರಕ್ಕ ಅಂಜಿದೆ. ಶಮೀಮ್ ಯಾರಿಗೆ ಅಂಜಿದ್ಲು? ಆಕಿ ದಿನಾ ಆ ಕೋಣ್ಯಾಗ ಇದ್ಲಲ್ಲ. ಆಕಿಗೆ ಮೊದಲ ಗೊತ್ತಾಗಿರಬೇಕಲ್ಲ."

ನಾಲ್ಕು ವರ್ಷದಲ್ಲಿ ಅವರು ಪಾಲಿನ ಲೆಕ್ಕ ನೋಡದೆ ನನಗೆ ಎದುರಾಡಿದ ಮೊದಲ ಮಾತು ಅದು. ಎಷ್ಟು ದಿನದಿಂದ ಅದಕ್ಕೆ ಹಸಿದಿದ್ದೆನೋ, ಬಂದಾಗ ನುಂಗಲಾಗಲಿಲ್ಲ. ಅವಳು ನನ್ನ ತಂಗಿ ಇದ್ದ ಹಾಗೆ, ನನಗೆ ಯಾಕೆ ಹೆದರುತ್ತಾಳೆ ಎಂದು ಹೇಳಿ ತಿರುಗಿ ನೋಡದೆ ಹೊರಟೆ. ಹೊರಟವಳು ಗೇಟಿನ ಕಡೆ ಹೋಗಲಿಲ್ಲ. ಕಾಲು ತಾನಾಗಿ ಯಂತ್ರದ ಕೋಣೆಗೆ ಕರೆದುಕೊಂಡು ಹೋಯಿತು.

ಹೆಂಗಸರ ಸಭೆಯಲ್ಲೂ ಎಲ್ಲರೂ ಮಣಿ ಕಟ್ಟಿದ್ದರು. ದಾಖಲೆ ಇತ್ತು, ಆದರೆ ಅದರ ಪಾಲು ಯಾರೂ ತೆಗೆದಿರಲಿಲ್ಲ. ಸಮುದಾಯದವರು ತಮ್ಮೊಳಗೆ ಆಡುವ ಮಾತಿಗೆ ಪಾಲಿನ ನಿಯಮ ಅನ್ವಯಿಸುವುದಿಲ್ಲ, ಅಲ್ಲೆಲ್ಲ ಎಲ್ಲರೂ ಸಮಾನರು ಎಂದು ಬರೆದುಕೊಂಡಿದ್ದರು. ತೆಗೆಯಿರಿ ಎಂದೆ. ತಿಪ್ಪೇಸ್ವಾಮಿ ಒಂದು ಗಳಿಗೆ ಬೆರಳು ತಡೆದರು. ಆಮೇಲೆ ಒತ್ತಿದರು.

ನನ್ನ ಪಾಲು ತೊಂಬತ್ತಮೂರು.

ಉಳಿದ ಏಳು, ಮೂವತ್ತೆರಡು ಹೆಂಗಸರಿಗೆ ಸೇರಿ. ಶಮೀಮಳ ಗೆರೆ ತೋರಿಸಿ ಎಂದೆ. ನಲವತ್ತು ನಿಮಿಷದಲ್ಲಿ ಇಪ್ಪತ್ತಾರು ಚುಕ್ಕೆ. ಕೊಠಡಿಗೆ ಕಿಟಕಿ ಬೇಡ ಎಂದು ನಾನು ಹೇಳಿದ ಕಡೆ ಮೂರು. ಅವಳ ಹೆಸರು ಪಟ್ಟಿಯಲ್ಲಿ ಓದಿದ ಕಡೆ ಐದು. ಕೊನೆಯ ನಿಮಿಷದ ದನಿ ಕೇಳಿಸಿ ಎಂದೆ. ನನ್ನದೇ ದನಿ, ಆದರೆ ಯಾವುದೋ ಸಾಹೇಬರ ಹೆಂಡತಿ ಮಾತಾಡುತ್ತಿರುವಂತೆ ಕೇಳಿತು. "ಯಾರಿಗಾದ್ರೂ ಬೇರೆ ಅಭಿಪ್ರಾಯ ಇದ್ರೆ ಧೈರ್ಯವಾಗಿ ಹೇಳಿ." ಆಮೇಲೆ ಎರಡೇ ಎರಡು ಸೆಕೆಂಡು ಮೌನ. ಆ ಮೌನದಲ್ಲಿ ಪರದೆಯ ತುಂಬಾ ಒಟ್ಟಿಗೆ ಚುಕ್ಕೆಗಳು ಎದ್ದವು, ಹದಿನಾಲ್ಕೋ ಹದಿನೈದೋ. ಅವು ಆರುವ ಮೊದಲೇ ನನ್ನ ದನಿ, "ಹಂಗಾದ್ರೆ ಆಯ್ತು" ಎಂದಿತು.

ತಿಪ್ಪೇಸ್ವಾಮಿ ನೀರು ತಂದುಕೊಟ್ಟರು. ಕುಡಿದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಬೆಳಿಗ್ಗೆಯೇ ಫಿಲೇಚರಿಗೆ ಹೋಗಿ ಹುಳದ ಕೊಠಡಿ ಮುಚ್ಚಿ ಎಂದೆ. ತಕ್ಷಣ ಮುಚ್ಚಿದರು. ಇನ್ನು ಹುಳ ಒಣಗಿಸುವುದೇ ಬೇಡ ಎಂದೆ, ಸರಿ ಎಂದರು. ಅವರ ಕೈಗೇ ಸೇರುತ್ತಿದ್ದ ಒಂದೇ ಆದಾಯ ಅದು. ಅದಕ್ಕಾಗಿ ನಾನು ಡಾಕ್ಟರರ ಎದುರು ಮೇಜು ಕುಟ್ಟಿದ್ದೆ. ಈಗ ಯಾಕೆ ಎಂದು ಒಬ್ಬಳಾದರೂ ಕೇಳಲಿ, ನಿನಗೇನು ತಲೆ ಕೆಟ್ಟಿದೆಯಾ ಎಂದು ಒಬ್ಬಳಾದರೂ ಜಗಳಕ್ಕೆ ಬರಲಿ ಎಂದು ಬಾಗಿಲಲ್ಲೇ ನಿಂತು ಕಾದೆ. ಅವರು ಪೊರಕೆ, ಬುಟ್ಟಿಗಳನ್ನು ಅಚ್ಚುಕಟ್ಟಾಗಿ ಒಂದು ಕಡೆ ಜೋಡಿಸಿಟ್ಟು, ಇನ್ನೇನಾದರೂ ಮಾಡಬೇಕಾ ಮೇಡಂ ಎಂದು ಕೇಳಿದರು.

ಅಲ್ಲಿಂದ ಶಮೀಮಳ ಮನೆಗೆ ಹೋದೆ. ಮಧ್ಯಾಹ್ನದ ಬಿಸಿಲು. ಮಂಚದ ಮೇಲೆ ಗೋಡೆಗೆ ದಿಂಬು ಒರಗಿಸಿ ಕೂತಿದ್ದಳು, ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ನನ್ನನ್ನು ಕಂಡು ಏಳಲು ಹೋದಳು. ಬೇಡವೆಂದು ಕೈ ಹಿಡಿದು ಕೂರಿಸಿದೆ. ಮಗಳನ್ನು ಕೂಗಿ ಕುರ್ಚಿ ತರಿಸಿದಳು. ನಾನು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಮಂಚದ ಕೆಳಗೆ ನೆಲದ ಮೇಲೆ ಕೂತೆ. ಅದರಿಂದ ಅವಳಿಗೆ ಇನ್ನಷ್ಟು ಮುಜುಗರವಾಯಿತು. ಹಾಗೆ ಕೂರಬೇಡಿ ಅಕ್ಕ, ಯಾರಾದರೂ ನೋಡಿದರೆ ಏನೆಂದಾರು ಎಂದು ಪೇಚಾಡಿದಳು.

ಏನೂ ಮುಚ್ಚಿಡದೆ ಹೇಳಿದೆ. ಕೊಠಡಿ ನನ್ನ ತಪ್ಪು. ಹಬೆ ಅಂದದ್ದು ನಾನು, ಕಿಟಕಿ ಬೇಡ ಅಂದದ್ದು ನಾನು, ನಿನ್ನನ್ನು ಅಲ್ಲಿಗೆ ಹಾಕಿದ್ದು ನಾನು. ನಿನಗೆ ಗೊತ್ತಾಗಿತ್ತು ತಾನೇ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅವಳು ಪಂಪು ಬಾಯಿಗಿಟ್ಟು ಎಳೆದುಕೊಂಡಳು. "ಮೊದಲನೇ ವಾರದಲ್ಲೇ ಗೊತ್ತಾಯ್ತು ಅಕ್ಕ. ಒಳಗೆ ಹೋದ್ರೆ ಎದೆ ಬಿಗಿಯೋದು, ಹೊರಗೆ ಬಂದ್ರೆ ಸರಿಯಾಗೋದು. ಹೇಳೋಣ ಅಂತ ಎರಡು ಸಲ ನಿಮ್ಮನೆಗೆ ಬಂದೆ. ಚಪ್ಪಲಿ ಬಿಡೋ ಹೊತ್ಗೆ ಧೈರ್ಯ ಹೋಗ್ಬಿಡೋದು." ಉಸಿರಿಗಾಗಿ ನಿಂತಳು. "ನೀವ್ ಬೇಜಾರ್ ಮಾಡ್ಕೊಂಡು ಪಟ್ಟಿಯಿಂದ ಹೆಸರು ತೆಗೆದ್ರೆ ಪಂಪು ಎಲ್ಲಿಂದ ತರ್ಲಿ ಅಂತ. ನೀವ್ ಹಂಗ್ ಮಾಡಲ್ಲ ಅಂತ ಗೊತ್ತು. ಆದ್ರೂ ಅನ್ನಿಸ್ಬಿಡೋದು."

ನಾನು ಅವಳ ಹೆಸರು ತೆಗೆಯುತ್ತೇನೆಂದು ಅವಳು ಹೆದರಿದ್ದಳು. ಹತ್ತೊಂಬತ್ತು ವರ್ಷ ನನ್ನ ಮುದ್ದೆಯಲ್ಲಿ ಅರ್ಧ ತಿಂದವಳು. ನನ್ನ ಎದೆ ಒಡೆದುಹೋಯಿತು. ಸಿಟ್ಟು ಮಾಡಿಕೊಳ್ಳಲಾದರೂ ಯಾರ ಮೇಲೆ ಮಾಡಿಕೊಳ್ಳಲಿ? ಅವಳ ಪಾದ ಹಿಡಿದುಕೊಂಡೆ. ಅವಳು ಗಾಬರಿಯಿಂದ ಕಾಲೆಳೆದುಕೊಂಡಳು.

ಬೈಯೇ ಶಮೀಮ್ ಎಂದು ಬೇಡಿಕೊಂಡೆ. ಮೊದಲಿನ ಹಾಗೆ ಬೈ. ಬೇಸಿನ್ ಮುಂದೆ ಬೈಯುತ್ತಿದ್ದೆಯಲ್ಲ, ಹಾಗೆ ಬಾಯಿಗೆ ಬಂದಂತೆ ಬೈ. ನೀನು ಬೈಯದಿದ್ದರೆ ನನಗೆ ಮಾತಾಡಲು ಈ ಊರಲ್ಲಿ ಯಾರೂ ಇಲ್ಲ. ನನಗೆ ಏನೂ ಬೇಡ, ಆ ಕುರ್ಚಿ, ಆ ಸಹಿ ಎಲ್ಲ ಇವತ್ತೇ ಬಿಟ್ಟುಬಿಡುತ್ತೇನೆ, ನೀನು ಒಂದು ಸಲ ಬೈ. ಬಿಕ್ಕಳಿಸುತ್ತಾ ಇನ್ನೂ ಏನೇನೋ ಹೇಳಿದೆ.

ಶಮೀಮ್ ನನ್ನನ್ನು ಕರುಣೆಯಿಂದ ನೋಡಿದಳು. ಅವಳ ಮಗಳು ಬಾಗಿಲಲ್ಲಿ ನಿಂತಿದ್ದಳು, ಹೋಗು ಎಂದು ಅವಳಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಬೆನ್ನು ನೇರ ಮಾಡಿ ಕೂತು, ಇರುವ ಉಸಿರನ್ನೆಲ್ಲ ಒಟ್ಟುಗೂಡಿಸಿಕೊಂಡಳು. ಈಗ ಬೈಯುತ್ತಾಳೆ ಎಂದು ನಾನು ಕಣ್ಣೊರೆಸಿಕೊಂಡು ಮುಖ ಎತ್ತಿದೆ.

"ಆಯ್ತು ಅಕ್ಕ, ನೀವ್ ಹೇಳಿದ್ಮೇಲೆ ಬೈತೀನಿ" ಎಂದಳು. "ಏನಂತ ಬೈಲಿ, ಹೇಳಿ."